ಮಾರಿಕುಪ್ಪಂ: ಗೋಡೆಯಿಲ್ಲದ ಜೈಲಿನ ಚರಿತ್ರೆ

ಜೈಲು ಅಂದ ತಕ್ಷಣ ನಮಗೆ ನೆನಪಾಗೋದು ಎತ್ತರದ ಗೋಡೆ, ಕಬ್ಬಿಣದ ಬಾಗಿಲು, ಬಾಗಿಲ ಮುಂದೆ ಬಂದೂಕು ಹಿಡಿದ ಪೊಲೀಸು. ಸರ್ಕಾರದ ದಾಖಲೆಗಳೂ ಜೈಲಿನ ಚರಿತ್ರೆಯನ್ನ ಹೀಗೇ ಬರೆದುಕೊಂಡಿವೆ: ಯಾವ ಇಸವಿಯಲ್ಲಿ ಕಟ್ಟಿದರು, ಎಷ್ಟು ಎಕರೆ, ಎಷ್ಟು ಕೋಣೆ. ಆದರೆ ಕೋಲಾರದ ಚಿನ್ನದ ಗಣಿಗೆ ಇಳಿದ ಜನರ ಕಡೆಯಿಂದ ನೋಡಿದರೆ ಜೈಲು ಗೋಡೆಯಿಂದ ಶುರುವಾಗೋದಿಲ್ಲ. ಕಾಯಿದೆಯಿಂದ, ಮೈ ತಡಕುವ ಕೈಯಿಂದ, ಬೆರಳಚ್ಚಿನಿಂದ ಶುರುವಾಗುತ್ತೆ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿಗಳು ಒಂದರ ಪಕ್ಕ ಒಂದು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. ಆ ರೈಲು ಹತ್ತಿ ಬಂದವರು ಯಾರು? ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯ ಅಸ್ಪೃಶ್ಯ ಜನ, ಆದಿದ್ರಾವಿಡರು. 1876-78ರ ಬರದಲ್ಲಿ ಸತ್ತು ಉಳಿದವರ ಮಕ್ಕಳು. ಊರಲ್ಲಿ ಜಮೀನ್ದಾರನ ಹೊಲದಲ್ಲಿ ಜೀತಕ್ಕಿದ್ದವರು. ಗಣಿಯಲ್ಲಿ ಪ್ರಾಣಕ್ಕೆ ಗ್ಯಾರಂಟಿ ಇರಲಿಲ್ಲ, ಆದರೆ ಕೈಗೆ ರೊಕ್ಕ ಸಿಗುತ್ತಿತ್ತು. ಧಣಿ ಕಂಡಾಗ ಹೆಗಲ ಮೇಲಿನ ಟವಲು ತೆಗೆಯೋದು ತಪ್ಪುತ್ತೆ ಅನ್ನೋ ಆಸೆಯಿತ್ತು. ಅಯೋತಿ ದಾಸರ ಬೌದ್ಧ ಸಂಘ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರು ಬಿಟ್ಟದ್ದು ಸುಮ್ಮನೆ ಅಲ್ಲ. ಜಾತಿಯಿಂದ ಬಿಡುಗಡೆ ಹುಡುಕಿಕೊಂಡು ಬಂದ ಜನ ಇವರು.

ಇವರಿಗೆ ಇಲ್ಲಿ ಸಿಕ್ಕಿದ್ದೇನು? ತಟ್ಟಿ ಕಟ್ಟಿದ ಗುಡಿಸಲುಗಳ 'ಲೈನು'. ಆ ಗುಡಿಸಲೂ ಕಂಪನಿಯದು, ಕೆಲಸ ಹೋದರೆ ಸೂರೂ ಹೋಯ್ತು. ಕಂಪನಿಗೆ ತನ್ನದೇ ಕಾವಲು ಪಡೆಯಿತ್ತು, 'ವಾಚ್ ಅಂಡ್ ವಾರ್ಡ್'. ಅದಕ್ಕೆ ಪಂಜಾಬಿನಿಂದೆಲ್ಲ ಜನರನ್ನ ಕರೆಸಿದರು. ಶಿಫ್ಟು ಮುಗಿಸಿ ಶಾಫ್ಟಿನಿಂದ ಮೇಲೆ ಬಂದವನನ್ನ ಮೊದಲು ಎದುರುಗೊಳ್ಳುತ್ತಿದ್ದದ್ದು ಬಿಸಿಲಲ್ಲ, ತಪಾಸಣೆ. ಬಟ್ಟೆ ಬಿಚ್ಚಿಸಿ ಮೈ ನೋಡೋರು. ಎಲ್ಲಿ ಒಂದು ಚೂರು ಚಿನ್ನದ ಕಲ್ಲು ಬಚ್ಚಿಟ್ಟುಕೊಂಡಾನೋ ಎಂಬ ಅನುಮಾನ. ಬೆವರು ಸುರಿಸಿ ಕಲ್ಲು ಒಡೆದವನು ದಿನಾ ಸಂಜೆ ತಾನು ಕಳ್ಳನಲ್ಲ ಅಂತ ಬತ್ತಲೆ ನಿಂತು ತೋರಿಸಬೇಕಿತ್ತು.

ಕಾಯಿದೆಯೂ ಇದಕ್ಕೆ ತಕ್ಕಂತೆ ತಯಾರಾಯಿತು. ಮೈಸೂರು ಸಂಸ್ಥಾನದ 1906ರ ಗಣಿ ಕಾಯಿದೆ ಗಣಿಯ ಮಾಲು ಕೈಯಲ್ಲಿಟ್ಟುಕೊಳ್ಳೋದನ್ನೇ ಅಪರಾಧ ಮಾಡಿತು. ಸಾಮಾನ್ಯವಾಗಿ ಕಳ್ಳತನ ಆಗಿದೆ ಅಂತ ಸಾಬೀತು ಮಾಡಬೇಕಾದ್ದು ಪೊಲೀಸರ ಕೆಲಸ. ಇಲ್ಲಿ ಮಾತ್ರ ಅದು ತನ್ನ ಹತ್ತಿರ ಹೇಗೆ ಬಂತು ಅಂತ ಸಿಕ್ಕಿಬಿದ್ದವನೇ ಲೆಕ್ಕ ಒಪ್ಪಿಸಬೇಕು. ಅಕ್ಷರ ಬಾರದವನು, ಕೋರ್ಟಿನ ಭಾಷೆ ತಿಳಿಯದವನು ಏನಂತ ಒಪ್ಪಿಸಿಯಾನು? ನೆಲದೊಳಗಿನ ಚಿನ್ನವನ್ನ ಹಡಗು ಹತ್ತಿಸಿದವರು ಷೇರುದಾರರಾದರು, ಬೆರಳಷ್ಟು ಕಲ್ಲು ಇಟ್ಟುಕೊಂಡವನು ಖೈದಿಯಾದ. ಚಿನ್ನ ಕಾಯೋದಕ್ಕೆ ಈ ಪುಟ್ಟ ಊರಿಗೆ ಕಟ್ಟಿದ ಪೊಲೀಸು ವ್ಯವಸ್ಥೆ ಎಷ್ಟು ಗಟ್ಟಿಯಾಗಿತ್ತೆಂದರೆ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಕೆ.ಜಿ.ಎಫ್. ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗಿಯೇ ಉಳಿಯಿತು. ಚಿನ್ನ ಹೋಯ್ತು, ಕೆಲಸ ಹೋಯ್ತು, ಪೊಲೀಸು ಉಳಿಯಿತು.

ಈ ಜನ ಎಲ್ಲಾನೂ ತಲೆ ಬಗ್ಗಿಸಿ ಸಹಿಸಿಕೊಂಡರು ಅಂತ ಯಾರೂ ತಿಳಿಯಬಾರದು. 1930ರಲ್ಲಿ ಕಂಪನಿಗಳು ಹೊಸ ನಿಯಮ ತಂದವು: ಕೆಲಸಗಾರರೆಲ್ಲ ರಿಜಿಸ್ಟರ್ ಆಗಬೇಕು, ಬೆರಳಚ್ಚು ಕೊಡಬೇಕು. ಆ ಕಾಲಕ್ಕೆ ಪೊಲೀಸರು ಬೆರಳಚ್ಚು ತೆಗೆಯುತ್ತಿದ್ದದ್ದು ಯಾರದು? ಶಿಕ್ಷೆಯಾದವರದು. ಜೊತೆಗೆ ಬ್ರಿಟಿಷ್ ಇಂಡಿಯಾದ 1911ರ ಕಾಯಿದೆ 'ಕ್ರಿಮಿನಲ್ ಟ್ರೈಬ್' ಅಂತ ಹಣೆಪಟ್ಟಿ ಹಚ್ಚಿದ ಜನಾಂಗಗಳದು. ತಾಯ ಹೊಟ್ಟೆಯಲ್ಲಿರುವಾಗಲೇ ಅಪರಾಧಿ ಅನಿಸಿಕೊಂಡವರ ಪಟ್ಟಿಗೆ ಈಗ ಗಣಿ ಕೆಲಸಗಾರನೂ ಸೇರಬೇಕು. ಅದರ ಜೊತೆಗೆ ಮಣಿಕಟ್ಟಿಗೆ ಬಳೆ ತೊಡಿಸುವ ಪದ್ಧತಿಯೂ ಇತ್ತು. ಜನ ಆಗೋದಿಲ್ಲ ಅಂದರು. ದೊಡ್ಡ ನಾಯಕರಿಲ್ಲ, ಗಟ್ಟಿಯಾದ ಯೂನಿಯನ್ ಇಲ್ಲ. ಆದರೂ ಸಾವಿರಾರು ಜನ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಕೊನೆಗೆ ಬೆರಳಚ್ಚಿನ ನಿಯಮವನ್ನ ಕಂಪನಿ ವಾಪಸು ತೆಗೆದುಕೊಳ್ಳಬೇಕಾಯಿತು.

ಮುಷ್ಕರ ಅಂದರೆ ಕೂಲಿ ಜಾಸ್ತಿ ಕೇಳೋದು ಅಷ್ಟೇ ಅಂತ ನಮ್ಮ ಪಾಠದ ಪುಸ್ತಕಗಳು ಕಲಿಸುತ್ತವೆ. ಇದು ಮರ್ಯಾದೆಗಾಗಿ ನಡೆದ ಮುಷ್ಕರ. ನಾವು ಕಳ್ಳರಲ್ಲ ಎಂಬ ಒಂದು ಮಾತಿಗಾಗಿ ಮೂರು ವಾರ ಒಲೆ ಆರಿಸಿಕೊಂಡು ಕೂತವರ ಚರಿತ್ರೆ. 1946ರ ಹೊತ್ತಿಗೆ ಕೆ. ಎಸ್. ವಾಸನ್ ಅವರಂಥ ಕಮ್ಯುನಿಸ್ಟರ ಜೊತೆಗೂಡಿ ಯೂನಿಯನ್ ಬೆಳೆದಿತ್ತು. ಆ ವರ್ಷ ನವೆಂಬರ್ 4ರಂದು ಪೊಲೀಸರು ಗೋಲಿಬಾರು ಮಾಡಿದರು. ಆರು ಜನ ಕಾರ್ಮಿಕರು ಸತ್ತರು. ಸ್ವಾತಂತ್ರ್ಯಕ್ಕೆ ಆಗ ಒಂಬತ್ತೇ ತಿಂಗಳು ಬಾಕಿ.

ಇನ್ನು ಗೋಡೆಯಿರುವ ಜೈಲಿಗೆ ಬರೋಣ. ಈ ಸೀಮೆಯ ದೊಡ್ಡ ಜೈಲು ಅಂದರೆ ಬೆಂಗಳೂರಿನ ಸೆಂಟ್ರಲ್ ಜೈಲು. 1860ರ ದಶಕದಲ್ಲಿ, ಬೌರಿಂಗ್ ಕಮಿಷನರಾಗಿದ್ದಾಗ ಕಟ್ಟಿದ್ದು. ನಡುವೆ ಒಂದು ಕಾವಲು ಗೋಪುರ, ಅಲ್ಲಿ ನಿಂತವನ ಕಣ್ಣು ಎಲ್ಲ ಕಡೆಗೂ. 1942ರಲ್ಲಿ ವಿದ್ಯಾರ್ಥಿಗಳನ್ನ ಅಲ್ಲಿ ತುಂಬಿದರು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯಂಥ ನಾಯಕರು ಅಲ್ಲಿದ್ದರು. 'ಸಂಸ್ಕಾರ' ಸಿನಿಮಾದ ಸ್ನೇಹಲತಾ ರೆಡ್ಡಿಯವರನ್ನ 1976ರ ಮೇ ತಿಂಗಳಲ್ಲಿ ಹಿಡಿದು ಅಲ್ಲೇ ಹಾಕಿದರು. ಅಸ್ತಮಾ ಇದ್ದ ಹೆಂಗಸು, 1977ರ ಜನವರಿಯಲ್ಲಿ ಹೊರಗೆ ಬಂದು ಕೆಲವೇ ದಿನಕ್ಕೆ ತೀರಿಕೊಂಡರು. 2000ದಲ್ಲಿ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು, ಹಳೇ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಇವತ್ತು ನಾವೆಲ್ಲ ಧರಣಿ ಕೂರೋದು ಅಲ್ಲೇ. ದೊಡ್ಡವರ ಜೈಲುವಾಸಕ್ಕೆ ಚರಿತ್ರೆಯಿದೆ, ಇರಲಿ. ಅದೇ ಗೋಡೆಗಳೊಳಗೆ ನೂರಾ ಮೂವತ್ತು ವರ್ಷ ಬಂದು ಹೋದ ಹೆಸರಿಲ್ಲದ ಬಡವರ ಚರಿತ್ರೆ ಯಾರು ಬರೆದರು?

ಇಲಾಖೆಯ ಹೆಸರು ಈಗ 'ಕಾರಾಗೃಹ ಮತ್ತು ಸುಧಾರಣಾ ಸೇವೆಗಳು'. ಸುಧಾರಣೆ ಅನ್ನೋ ಮಾತು ಕೇಳೋದಕ್ಕೆ ಚೆನ್ನಾಗಿದೆ. ಆದರೆ ಸ್ವತಂತ್ರ ಭಾರತದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಏನಿತ್ತು ಗೊತ್ತೆ? ಕಕ್ಕಸು ಬಳಿಯೋದಕ್ಕೆ ಇಂಥ ಜಾತಿಯವರು, ಅಡುಗೆಗೆ ಇಂಥ ಜಾತಿಯವರು ಎಂಬ ನಿಯಮ. ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋದ ಮೇಲೆ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಈ ನಿಯಮಗಳನ್ನ ರದ್ದು ಮಾಡಿತು, ರಿಜಿಸ್ಟರಿನ ಜಾತಿ ಕಲಮನ್ನೂ ತೆಗೆಯಿರಿ ಅಂದಿತು. ಅಸ್ಪೃಶ್ಯತೆ ನಿಷೇಧಿಸಿದ ಸಂವಿಧಾನ ಬಂದು 74 ವರ್ಷ ಆದ ಮೇಲೆ!

ಇನ್ನೊಂದು ಲೆಕ್ಕ ನೋಡಿ. 2022ರಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಅಪರಾಧ ಇನ್ನೂ ಸಾಬೀತೇ ಆಗಿರಲಿಲ್ಲ. ಇವರಲ್ಲಿ ಎಷ್ಟೋ ಜನಕ್ಕೆ ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡೋರಿಲ್ಲ. ಪಹಣಿ ಇದ್ದವನು ಸಂಜೆಗೆ ಮನೆಗೆ, ಪಹಣಿ ಇಲ್ಲದವನು ಜೈಲಿಗೆ. ಭೂಮಿ ಯಾವ ಜಾತಿಯವರ ಕೈಲಿದೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ಕಂಪನಿ ಲೈನಿನಲ್ಲಿ ಹುಟ್ಟಿ ಕಂಪನಿ ಲೈನಿನಲ್ಲೇ ಮುದುಕರಾದವರು ಯಾವ ಪಹಣಿ ತಂದಾರು?

ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ನಸುಕಿಗೇ ಎದ್ದು ಸೈನೈಡ್ ದಿಬ್ಬಗಳ ಪಕ್ಕದಲ್ಲೇ ನಡೆದು ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ. ಅಲ್ಲೂ ಕೆಲಸ ಮುಗಿಸಿ ಹೊರಡುವಾಗ ಗೇಟಿನಲ್ಲಿ ಚೀಲ ತೆಗೆದು ತೋರಿಸಬೇಕಾದವರು ಇವರೇ.

ಗೆಳೆಯರೇ, ಎರಡು ಮಾತು. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯಿದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೂ ಬಂಧನದಲ್ಲಿರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರು ಸಿಗಬೇಕು. ಇದು ಭಿಕ್ಷೆಯಲ್ಲ, ಹಕ್ಕು. ಕೇರಿಯ ಹುಡುಗನನ್ನ ಸ್ಟೇಷನ್ನಿಗೆ ಎಳಕೊಂಡು ಹೋದ ದಿನವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಿ. ಮೇಷ್ಟ್ರುಗಳು ಉಪ್ಪಿನ ಸತ್ಯಾಗ್ರಹದ ಪಾಠ ಮಾಡುವಾಗ, ಅದೇ 1930ರಲ್ಲಿ ಮಾರಿಕುಪ್ಪಂನ ಜನ ಬೆರಳು ಕೊಡೋದಿಲ್ಲ ಅಂದದ್ದನ್ನೂ ಮಕ್ಕಳಿಗೆ ಹೇಳಿ. ಅದೂ ಈ ನಾಡಿನ ಸ್ವಾತಂತ್ರ್ಯ ಹೋರಾಟವೇ.