ಮಕ್ಕಳ ಕನ್ನಡ ಓದು: ಸಾಹಿತ್ಯದ ಮೂಲಾಂಶಗಳ ಒಂದು ಪುನರವಲೋಕನ

ಹೊರನಾಡಿನ ನಮ್ಮ ಮನೆಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ನಾಲಗೆಯ ಮೇಲೂ ನಿಲ್ಲುತ್ತದೆ. ಆದರೆ ಕಣ್ಣಿಗೆ ಬೀಳುವುದು ಕಡಿಮೆ. ಅಂಗಡಿಯ ಫಲಕ, ಬಸ್ಸಿನ ಹೆಸರು, ಶಾಲೆಯ ಸೂಚನೆ ಎಲ್ಲವೂ ಬೇರೊಂದು ಲಿಪಿಯಲ್ಲಿರುವಾಗ, 6ರಿಂದ 8ನೇ ತರಗತಿಯ ಮಗು ಮಾತಿನಲ್ಲಿ ಮುಂದಿದ್ದು ಓದಿನಲ್ಲಿ ಹಿಂದುಳಿಯುವುದು ಸಹಜ. ಈ ಅಂತರವನ್ನು ತುಂಬಲು ಇದೇ ತಕ್ಕ ವಯಸ್ಸು. ಆದುದರಿಂದ ಪಾಲಕರಿಗೂ ಮಕ್ಕಳಿಗೂ ಒಟ್ಟಿಗೆ ಉಪಯೋಗಕ್ಕೆ ಬರುವಂತೆ ಸಾಹಿತ್ಯದ ಮೂಲಾಂಶಗಳನ್ನೂ ಓದಿನ ಕೌಶಲಗಳನ್ನೂ ನಾವು ಇಲ್ಲಿ ಸಂಗ್ರಹಿಸಿದ್ದೇವೆ. ಉದಾಹರಣೆಗಾಗಿ ಎಲ್ಲರೂ ಬಲ್ಲ ಪುಣ್ಯಕೋಟಿಯ ಕಥೆಯನ್ನು, ಅಂದರೆ ಜನಪದರ ‘ಗೋವಿನ ಹಾಡ’ನ್ನು ಆರಿಸಿಕೊಂಡಿದ್ದೇವೆ.

ಮೊದಲು ಲಿಪಿ

ಮಗು ಈಗಾಗಲೇ ಕಲಿತಿರುವ ಲಿಪಿಯನ್ನು ಅಡ್ಡಿಯೆಂದು ತಿಳಿಯದೆ ಆಸರೆಯೆಂದು ತಿಳಿಯಬೇಕು. ನಾಗರಿ ಬಲ್ಲ ಮುಂಬಯಿ, ಪುಣೆ, ದೆಹಲಿಯ ಮಕ್ಕಳಿಗೆ ವರ್ಣಮಾಲೆಯ ಕ್ರಮ ಪರಿಚಿತವೇ. ಆದರೆ ಹಿಂದಿ, ಮರಾಠಿಗಳಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘ ಭೇದ ಬರವಣಿಗೆಯಲ್ಲಿಲ್ಲ. ಹಾಗಾಗಿ ‘ಕೆರೆ’ ಮತ್ತು ‘ಕೇರೆ’, ‘ಕೊಡು’ ಮತ್ತು ‘ಕೋಡು’ ಇಂತಹ ಜೋಡಿಗಳನ್ನು ಗಟ್ಟಿಯಾಗಿ ಓದಿಸಬೇಕು. ಚೆನ್ನೈಯ ಮಕ್ಕಳಿಗೆ ಈ ಭೇದ ಸುಲಭ. ಆದರೆ ತಮಿಳು ಲಿಪಿಯಲ್ಲಿ ಕ–ಗ, ತ–ದ ಇವುಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲದ ಕಾರಣ ‘ಕಾಳಿ–ಗಾಳಿ’, ‘ತಡ–ದಡ’ಗಳಲ್ಲಿ ಎಚ್ಚರ ಬೇಕು, ಮಹಾಪ್ರಾಣಗಳನ್ನೂ ಹೊಸದಾಗಿ ಕಲಿಸಬೇಕು. ಹೈದರಾಬಾದಿನ ಮಕ್ಕಳಿಗಂತೂ ತೆಲುಗು ಲಿಪಿಯು ಕನ್ನಡದ ಒಡಹುಟ್ಟು. ತಲೆಕಟ್ಟಿನ ಆಕಾರವನ್ನೂ ಕೆಲವು ಅಕ್ಷರಗಳನ್ನೂ ಗುರುತಿಸಿಕೊಂಡರೆ ಓದು ಬೇಗನೆ ಕೈವಶವಾಗುತ್ತದೆ.

ಒತ್ತಕ್ಷರಗಳಲ್ಲಿ ಅರ್ಕಾವತ್ತು ಮಕ್ಕಳನ್ನು ಹೆಚ್ಚಾಗಿ ಕಾಡುತ್ತದೆ. ‘ಸೂರ್ಯ’ ಎಂಬಲ್ಲಿ ರಕಾರದ ಗುರುತು ಕೊನೆಗಿದ್ದರೂ ಉಚ್ಚಾರ ಮೊದಲು. ನಾಗರಿಯಲ್ಲಿ ಅಕ್ಷರದ ತಲೆಯ ಮೇಲೆ ಬರೆಯುವ ರೇಫವೂ ಇದೇ ಎಂದು ತೋರಿಸಿದರೆ ಮಗುವಿಗೆ ಕೂಡಲೇ ತಿಳಿಯುತ್ತದೆ.

ಕಥೆಯ ಅಂಗಗಳು

ಪಾತ್ರ: ಕಥೆಯನ್ನು ನಡೆಸುವವರು ಪಾತ್ರಗಳು. ಗೋವಿನ ಹಾಡಿನಲ್ಲಿ ಗೊಲ್ಲ ಕಾಳಿಂಗ, ಹಸು ಪುಣ್ಯಕೋಟಿ, ಅದರ ಕರು, ಜೊತೆಯ ಹಸುಗಳು ಹಾಗೂ ಹುಲಿ ಇವೆ. ಪಾತ್ರದ ಗುಣವನ್ನು ಅದರ ಮಾತಿನಿಂದಲೂ ನಡತೆಯಿಂದಲೂ ತಿಳಿಯಬೇಕು. ‘ಪುಣ್ಯಕೋಟಿ ಸತ್ಯವಂತೆ’ ಎಂದು ಬರೆದರೆ ಸಾಲದು. ಯಾವ ನಡತೆಯಿಂದ ಹಾಗೆ ತಿಳಿಯಿತು ಎಂಬುದನ್ನೂ ಮಗು ಹೇಳಬೇಕು.

ದೇಶ–ಕಾಲ: ಘಟನೆ ನಡೆಯುವ ಸ್ಥಳ ಮತ್ತು ಸಮಯ. ಇಲ್ಲಿ ಹಟ್ಟಿ ಮತ್ತು ಕಾಡು ಎಂಬ ಎರಡು ಲೋಕಗಳಿವೆ. ಒಂದು ರಕ್ಷಣೆಯ ಸ್ಥಳ, ಮತ್ತೊಂದು ಅಪಾಯದ ಸ್ಥಳ. ಪುಣ್ಯಕೋಟಿ ಇವೆರಡರ ನಡುವೆ ನಡೆಯುವ ದಾರಿಯೇ ಈ ಕಥೆ.

ಸಂಘರ್ಷ: ಹಸುವಿಗೂ ಹುಲಿಗೂ ನಡುವಿನದು ಹೊರಗಿನ ಸಂಘರ್ಷ. ಕೊಟ್ಟ ಮಾತು ಒಂದು ಕಡೆ, ಹಾಲೂಡಬೇಕಾದ ಕರು ಇನ್ನೊಂದು ಕಡೆ – ಇದು ಪುಣ್ಯಕೋಟಿಯ ಮನಸ್ಸಿನೊಳಗಿನ ಸಂಘರ್ಷ. ಕೇಳುವವರ ಕಣ್ಣಲ್ಲಿ ನೀರು ತರುವುದು ಎರಡನೆಯದು.

ಕಥಾವಸ್ತುವಿನ ಬೆಳವಣಿಗೆ: ಆರಂಭ, ತೊಡಕು, ಪರಾಕಾಷ್ಠೆ, ಮುಕ್ತಾಯ ಎಂಬ ನಾಲ್ಕು ಹಂತಗಳನ್ನು ಗುರುತಿಸಬಹುದು. ಹಸುಗಳು ಮೇಯುವುದು ಆರಂಭ. ಹುಲಿ ಅಡ್ಡಗಟ್ಟುವುದು ತೊಡಕು. ಕರುವನ್ನು ಜೊತೆಯ ಹಸುಗಳಿಗೆ ಒಪ್ಪಿಸಿ ಪುಣ್ಯಕೋಟಿ ಹುಲಿಯ ಮುಂದೆ ಬಂದು ನಿಲ್ಲುವುದು ಪರಾಕಾಷ್ಠೆ. ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುವುದು ಮುಕ್ತಾಯ. ಇಲ್ಲಿ ಒಂದು ವಿಶೇಷವನ್ನು ಮಕ್ಕಳ ಗಮನಕ್ಕೆ ತರಬೇಕು. ಕಥಾನಾಯಕಿ ಮೊದಲಿಂದ ಕೊನೆಯವರೆಗೆ ಬದಲಾಗುವುದಿಲ್ಲ, ಬದಲಾಗುವುದು ಹುಲಿ.

ನಿರೂಪಣೆ: ಕಥೆ ಹೇಳುತ್ತಿರುವವರು ಯಾರು? ಈ ಹಾಡಿನಲ್ಲಿ ನಿರೂಪಕನು ಕಥೆಯ ಹೊರಗಿದ್ದಾನೆ. ಇದೇ ಕಥೆಯನ್ನು ಕರುವಿನ ಬಾಯಿಂದ ಹೇಳಿಸಿರಿ ಎಂದರೆ, ನಿರೂಪಣೆ ಬದಲಾದಾಗ ಏನೇನು ಬದಲಾಗುತ್ತದೆ ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ.

ಆಶಯ: ಕಥಾವಸ್ತು ಬೇರೆ, ಆಶಯ ಬೇರೆ. ‘ಹಸು ಹುಲಿಯ ಬಳಿಗೆ ಮರಳಿತು’ ಎಂಬುದು ಕಥಾವಸ್ತು. ‘ಕೊಟ್ಟ ಮಾತು ಪ್ರಾಣಕ್ಕಿಂತ ದೊಡ್ಡದು’ ಎಂಬುದು ಆಶಯ. ಒಂದೇ ಕೃತಿಯಲ್ಲಿ ಒಂದಕ್ಕಿಂತ ಹೆಚ್ಚು ಆಶಯಗಳಿರಬಹುದು. ತಬ್ಬಲಿಯನ್ನು ತಮ್ಮದೆಂದು ಕಾಣುವುದು ಸಮುದಾಯದ ಧರ್ಮ ಎಂಬುದೂ ಈ ಹಾಡಿನಲ್ಲಿದೆ.

ಪದ್ಯದ ಅಂಗಗಳು

ಪದ್ಯವನ್ನು ಮೊದಲು ಕಿವಿಯಿಂದ ಓದಬೇಕು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ, ಅದು ಗುರು. ಸರ್ವಜ್ಞನ ತ್ರಿಪದಿಗೆ ಮೂರು ಸಾಲು, ಷಟ್ಪದಿಗೆ ಆರು ಸಾಲು. ಕುಮಾರವ್ಯಾಸನು ಭಾಮಿನಿ ಷಟ್ಪದಿಯಲ್ಲಿಯೂ ಲಕ್ಷ್ಮೀಶನು ವಾರ್ಧಕ ಷಟ್ಪದಿಯಲ್ಲಿಯೂ ಭಾರತದ ಕಥೆಗಳನ್ನು ಹಾಡಿದರು. ಹಳೆಯ ಕಾವ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು ನಿಯಮವಾಗಿತ್ತು, ಇದೇ ಆದಿಪ್ರಾಸ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಬಿಟ್ಟು ಬರೆಯತೊಡಗಿದ್ದು ಹೊಸಗನ್ನಡ ಕವಿತೆಯ ಮುಖ್ಯ ಘಟನೆಗಳಲ್ಲೊಂದು.

ಅಲಂಕಾರಗಳಲ್ಲಿ ಉಪಮೆಗೆ ನಾಲ್ಕು ಅಂಗಗಳು. ‘ಅಜ್ಜಿಯ ಮಾತು ಜೇನಿನಂತೆ ಸಿಹಿ’ ಎಂಬಲ್ಲಿ ಅಜ್ಜಿಯ ಮಾತು ಉಪಮೇಯ, ಜೇನು ಉಪಮಾನ, ‘ಅಂತೆ’ ಎಂಬುದು ವಾಚಕ, ಸಿಹಿ ಎಂಬುದು ಸಮಾನಧರ್ಮ. ‘ಅಜ್ಜಿಯ ಮಾತೇ ಜೇನು’ ಎಂದು ಎರಡನ್ನೂ ಒಂದೇ ಮಾಡಿದರೆ ಅದು ರೂಪಕ.

ಓದಿನ ಕೌಶಲಗಳು

ಪದ ಬಿಡಿಸುವುದು: ಗ್ರಾಂಥಿಕ ಕನ್ನಡದ ಉದ್ದ ಪದಗಳ ಮುಂದೆ ಮಕ್ಕಳು ತಡವರಿಸುತ್ತಾರೆ. ಸಂಧಿ ತಿಳಿದರೆ ಭಯವಿಲ್ಲ. ಊರು + ಅಲ್ಲಿ = ಊರಲ್ಲಿ, ಇದು ಲೋಪ. ಮನೆ + ಅನ್ನು = ಮನೆಯನ್ನು, ಇದು ಆಗಮ. ಮಳೆ + ಕಾಲ = ಮಳೆಗಾಲ, ಇದು ಆದೇಶ. ಸಂಧಿಯ ಹೆಸರನ್ನು ಬಾಯಿಪಾಠ ಮಾಡುವ ಮೊದಲು ಪದವನ್ನು ಒಡೆದು ಓದುವ ಅಭ್ಯಾಸ ಆಗಬೇಕು.

ಸಂದರ್ಭದಿಂದ ಅರ್ಥ ತಿಳಿಯುವುದು: ತಿಳಿಯದ ಪದ ಬಂದೊಡನೆ ನಿಘಂಟು ತೆರೆಯಬೇಕಿಲ್ಲ. ವಾಕ್ಯವನ್ನು ಪೂರ್ತಿ ಓದಿ, ಅರ್ಥವನ್ನು ಊಹಿಸಿ, ಆಮೇಲೆ ನಿಘಂಟಿನಲ್ಲಿ ಸರಿನೋಡುವುದು ಲೇಸು.

ಪ್ರಶ್ನೆಯ ಜಾತಿ ಅರಿಯುವುದು: ಪ್ರಶ್ನೆಗಳು ನಾಲ್ಕು ಬಗೆ. ಕಾಳಿಂಗ ಯಾರು? ಉತ್ತರ ಪದ್ಯದಲ್ಲೇ ಇದೆ. ಹಟ್ಟಿಗೆ ಮರಳಿದ ಪುಣ್ಯಕೋಟಿ ಏನೇನು ಮಾಡಿತು? ಉತ್ತರವನ್ನು ಹಲವು ಸಾಲುಗಳಿಂದ ಕೂಡಿಸಬೇಕು. ಹಸಿದ ಹುಲಿಯು ಕೈಗೆ ಸಿಕ್ಕ ಹಸುವನ್ನು ಏಕೆ ಬಿಟ್ಟುಕೊಟ್ಟಿತು? ಉತ್ತರವನ್ನು ಪಾತ್ರಗಳ ಮಾತುಗಳಿಂದ ಊಹಿಸಬೇಕು. ಪುಣ್ಯಕೋಟಿ ಮರಳಿದ್ದು ಕರುವಿಗೆ ನ್ಯಾಯವೇ? ಇದಕ್ಕೆ ಮಗು ತನ್ನ ಅಭಿಪ್ರಾಯ ಹೇಳಿ ಕಾರಣ ಕೊಡಬೇಕು. ಪರೀಕ್ಷೆಯಲ್ಲಿ ಮೊದಲ ಎರಡು ಬಗೆಯೇ ಹೆಚ್ಚು ಬರಬಹುದು. ಆದರೆ ಓದುಗನನ್ನು ಬೆಳೆಸುವುದು ಕೊನೆಯ ಎರಡು.

ಸಾರಾಂಶ: ಓದಿದ್ದನ್ನು ಐದು ವಾಕ್ಯಗಳಲ್ಲಿ, ತನ್ನದೇ ಮಾತಿನಲ್ಲಿ ಹೇಳಬಲ್ಲ ಮಗು ಪಾಠವನ್ನು ಅರ್ಥ ಮಾಡಿಕೊಂಡಿದೆ ಎಂದೇ ತಿಳಿಯಬಹುದು.

ಪಾಲಕರಲ್ಲಿ ಒಂದು ಮಾತು

ದಿನಕ್ಕೆ ಕಾಲು ಗಂಟೆ ಸಾಕು. ಒಂದು ಪುಟವನ್ನು ತಾಯಿಯೋ ತಂದೆಯೋ ಓದಲಿ, ಮುಂದಿನದನ್ನು ಮಗು ಓದಲಿ. ಮಗು ತಪ್ಪಿದಾಗ ವಾಕ್ಯ ಮುಗಿಯುವವರೆಗೆ ಕಾದು, ಅನಂತರ ತಿದ್ದುವುದು ಒಳ್ಳೆಯದು. ನಡುವೆ ತಡೆದರೆ ಅರ್ಥದ ಎಳೆ ಕಡಿಯುತ್ತದೆ. ಮನೆಯ ಮಾತು ಧಾರವಾಡದ್ದೋ ಮಂಗಳೂರಿನದೋ ಮೈಸೂರಿನದೋ ಆಗಿರಬಹುದು. ಪುಸ್ತಕದ ಪದದ ಜೊತೆಗೆ ‘ನಮ್ಮ ಕಡೆ ಹೀಗೆ ಅನ್ನುತ್ತೇವೆ’ ಎಂದು ಹೇಳಿದರೆ ಮಗುವಿಗೆ ಎರಡೂ ದಕ್ಕುತ್ತವೆ. ಅಜ್ಜ ಅಜ್ಜಿಯರಿದ್ದರೆ ಗೋವಿನ ಹಾಡನ್ನು ಅವರ ದನಿಯಲ್ಲಿ ಕೇಳಿಸಿರಿ.

ಮಕ್ಕಳು ಇನ್ನಷ್ಟು ದೊಡ್ಡವರಾದಾಗ, ತಾವು ಬೆಳೆದ ನಗರವೇ ಕನ್ನಡ ಕಥೆಗಳ ದೇಶ–ಕಾಲವಾಗಿರುವುದನ್ನು ಕಾಣುವರು. ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯೂ ಜಯಂತ ಕಾಯ್ಕಿಣಿಯವರ ಅನೇಕ ಕಥೆಗಳೂ ಮುಂಬಯಿಯ ಬದುಕನ್ನೇ ಕುರಿತವು. ಅಲ್ಲಿಗೆ ತಲುಪುವ ದಾರಿ ಇಂದಿನ ಒಂದು ಪುಟದಿಂದ ಆರಂಭವಾಗುತ್ತದೆ. ಆ ಪುಟವನ್ನು ಮಗುವಿನ ಪಕ್ಕದಲ್ಲಿ ಕುಳಿತು ತೆರೆಯಿರಿ ಎಂಬುದಷ್ಟೇ ನಮ್ಮ ವಿನಂತಿ.