ಬಿ.ಜಿ. ಕೆರೆ ಸೀಮೆಯಲ್ಲಿ ಸಂಧಿವಾತದ ಜೀನೋಮ್ ಅಧ್ಯಯನ: ಮೊದಲು ರೋಗನಿರ್ಣಯ

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಇದರ ಹಿಂದೆ ಜೀನೋಮಿನ 101 ತಾಣಗಳ ಪಾತ್ರವಿದೆಯೆಂದು ಒಕಾಡ ಮತ್ತು ಸಂಗಡಿಗರು 2014ರಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರ ದತ್ತಾಂಶದಿಂದ ತೋರಿಸಿದರು. ಆ ಜನರಲ್ಲಿ ಬಹುಪಾಲು ಮಂದಿ ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ಯುರೋಪಿನಲ್ಲಿ ಮುಖ್ಯವೆನಿಸಿದ ಪಿಟಿಪಿಎನ್22 ಜೀನಿನ ಮಾರ್ಪಾಡು ನಮ್ಮಲ್ಲಿ ವಿರಳ. ಅಲ್ಲಿನ ಜೀನುಗಳ ಮೇಲೆ ಕಟ್ಟಿದ ಅಪಾಯ ಸೂಚ್ಯಂಕವನ್ನು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಗೆ ತಂದರೆ ಅದು ಹಾದಿ ತಪ್ಪಿಸೀತು.

ಬೆಂಗಳೂರಿನ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 2025ರಲ್ಲಿ 85 ಸಮುದಾಯಗಳ 9,772 ಜನರ ಜೀನೋಮ್ ವಿವರ ಪ್ರಕಟಿಸಿತು. ಅವರು ಆರೋಗ್ಯವಂತರು. ಹೋಲಿಕೆಯ ಆಧಾರ ಇದರಿಂದ ಸಿಕ್ಕಿತು. ರೋಗಿಗಳ ದತ್ತಾಂಶವನ್ನು ಇನ್ನು ನಾವೇ ಕೂಡಿಸಬೇಕು.

ಚಿತ್ರದುರ್ಗ ಜಿಲ್ಲೆಯಲ್ಲಿ ಆ ಕೆಲಸ ತೋರುವಷ್ಟು ಸಲೀಸಲ್ಲ. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದವರಿಗೂ ಕೀಲುನೋವು ಬರುತ್ತದೆ. ಆದರೆ ಈ ಫ್ಲೋರೈಡ್ ಬೇನೆಯಲ್ಲಿ, ಅಂದರೆ ಫ್ಲೋರೋಸಿಸ್‌ನಲ್ಲಿ, ಕತ್ತು, ಬೆನ್ನು ಬಿಗಿಯುತ್ತವೆ, ಎಕ್ಸ್-ರೇಯಲ್ಲಿ ಮುಂದೋಳಿನ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಾಣುತ್ತದೆ. ರುಮಟಾಯ್ಡ್ ರೋಗಿಗೆ ಎರಡೂ ಕೈಗಳ ಬೆರಳಗೆಣ್ಣು ಊದಿ, ಬೆಳಗ್ಗೆ ಎದ್ದು ಬಹಳ ಹೊತ್ತು ಮುಷ್ಟಿ ಕಟ್ಟಲಾಗದು. ಹಲವರ ರಕ್ತದಲ್ಲಿ ಈ ರೋಗದ ಗುರುತಾದ ಆ್ಯಂಟಿ-ಸಿಸಿಪಿ ಪ್ರತಿಕಾಯ ಸಿಗುತ್ತದೆ. ಈ ಎರಡೂ ಬಗೆಯ ರೋಗಿಗಳನ್ನು 'ಕೀಲುವಾತ' ಎಂಬ ಒಂದೇ ಪಟ್ಟಿಗೆ ಸೇರಿಸಿದರೆ ಜೀನುಗಳ ಸುಳಿವು ಮಸುಕಾಗುತ್ತದೆ. ಎಷ್ಟೇ ಸಾವಿರ ಜೀನೋಮ್ ಓದಿಸಿದರೂ ಆ ನಷ್ಟ ಪೂರ್ತಿ ತುಂಬಲಾರದು.

ಮತ್ತೊಂದು ತೊಡಕೆಂದರೆ, ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವ ರೂಢಿಯಿಂದಾಗಿ ರೋಗಿಯೂ ಹೋಲಿಕೆಗೆ ಆಯ್ದ ನಿರೋಗಿಯೂ ನೆಂಟರೇ ಆಗಿರಬಹುದು. ಲೆಕ್ಕದಲ್ಲಿ ಈ ನಂಟನ್ನು ಬಿಡಿಸಿಕೊಳ್ಳಲೇಬೇಕು.

ಇನ್ನೊಂದು ಪ್ರಶ್ನೆ ಈ ಸೀಮೆಯ ಮಗ್ಗಗಳದ್ದು. ಜವಳಿ ಧೂಳಿನಲ್ಲಿ ದುಡಿದ ಮಲೇಷ್ಯಾದ ಹೆಂಗಸರಲ್ಲಿ ರುಮಟಾಯ್ಡ್ ಸಂಧಿವಾತದ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದೂ, ಎಚ್‌ಎಲ್‌ಎ-ಡಿಆರ್‌ಬಿ1 ಜೀನಿನ ಅಪಾಯಕಾರಿ ರೂಪಗಳಿದ್ದವರಲ್ಲಿ ಅದು ಇನ್ನೂ ಬಹಳ ಏರುತ್ತದೆಂದೂ ಅಲ್ಲಿನ ಅಧ್ಯಯನ ಕಂಡುಕೊಂಡಿದೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳಿಗೆ ಇದನ್ನು ನೇರವಾಗಿ ಅನ್ವಯಿಸುವಂತಿಲ್ಲ, ಆದರೆ ಪರೀಕ್ಷಿಸದೆ ಬಿಡುವಂತೆಯೂ ಇಲ್ಲ. ಆದ್ದರಿಂದ ಪ್ರತಿ ರಕ್ತದ ಮಾದರಿಯ ಜೊತೆಗೆ ಮನೆಯ ನೀರಿನ ಫ್ಲೋರೈಡ್ ಪ್ರಮಾಣ, ಕೈಗಳ ಎಕ್ಸ್-ರೇ, ಕಸುಬಿನ ವರ್ಷಗಳು, ಮೂರು ತಲೆಮಾರಿನ ಮದುವೆ ಸಂಬಂಧ ದಾಖಲಾಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇರುವುದರಿಂದ, ತಾಲ್ಲೂಕು ಆಸ್ಪತ್ರೆಗಳ ಜೊತೆಗೂಡಿ ಈ ದಾಖಲೆಯನ್ನು ಅಲ್ಲಿಂದಲೇ ಆರಂಭಿಸಬಹುದು.