ಕುಣಿಗಲ್ ಇರುವುದು ತುಮಕೂರು ಜಿಲ್ಲೆಯಲ್ಲಿ. ಅಲ್ಲಿನ ಸಂಸದರು ಬೇರೆ ಏಕೆ?

‘ಜಿಲ್ಲೆಗೆ ಒಬ್ಬರೇ ಸಂಸದರು, ಯಾವ ಊರಿನ ಸಮಸ್ಯೆಗೂ ಅವರನ್ನೇ ಕೇಳಿ’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ನಿಜವೇ?

ನಿಜವಲ್ಲ. ಜಿಲ್ಲೆಯ ಗಡಿ ಬೇರೆ, ಲೋಕಸಭಾ ಕ್ಷೇತ್ರದ ಗಡಿ ಬೇರೆ. ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರಗಳು, 28 ಲೋಕಸಭಾ ಕ್ಷೇತ್ರಗಳಿವೆ. ಅಂದರೆ 8 ವಿಧಾನಸಭಾ ಕ್ಷೇತ್ರಗಳಿಗೆ ಒಬ್ಬ ಸಂಸದರು. ತುಮಕೂರು ಜಿಲ್ಲೆಯಲ್ಲಿ ಇರುವುದು 11. ಹಾಗಾಗಿ ಮೂರು ಹೊರಗುಳಿಯುತ್ತವೆ.

2024ರ ಚುನಾವಣೆಯಲ್ಲಿ ಗೆದ್ದವರು ಇವರು:

• ದೇವರಾಯನದುರ್ಗ, ತುಮಕೂರು ನಗರ, ಗುಬ್ಬಿ – ತುಮಕೂರು ಕ್ಷೇತ್ರ: ವಿ. ಸೋಮಣ್ಣ
• ಕುಣಿಗಲ್ – ಬೆಂಗಳೂರು ಗ್ರಾಮಾಂತರ ಕ್ಷೇತ್ರ: ಡಾ. ಸಿ.ಎನ್. ಮಂಜುನಾಥ್
• ಶಿರಾ, ಪಾವಗಡ – ಚಿತ್ರದುರ್ಗ ಕ್ಷೇತ್ರ: ಗೋವಿಂದ ಕಾರಜೋಳ

ಎಲ್ಲ ದೇಶಗಳಲ್ಲೂ ಹೀಗೆಯೇ?

ಇಲ್ಲ. ಬ್ರಿಟನ್ನಿನಲ್ಲಿ ನಮ್ಮಂತೆಯೇ ಕ್ಷೇತ್ರಕ್ಕೊಬ್ಬ ಸಂಸದರು. ನೆದರ್‌ಲ್ಯಾಂಡ್ಸ್‌ನಲ್ಲಿ ಪಕ್ಷಗಳು ದೇಶದಾದ್ಯಂತ ಪಡೆದ ಮತಗಳ ಪ್ರಮಾಣದಲ್ಲಿ ಕೆಳಮನೆಯ 150 ಸ್ಥಾನಗಳು ಹಂಚಿಕೆಯಾಗುತ್ತವೆ. ಅಲ್ಲಿ ‘ನಮ್ಮ ಕ್ಷೇತ್ರದ ಸಂಸದರು’ ಎಂಬುದೇ ಇಲ್ಲ. ಜರ್ಮನಿಯಲ್ಲಿ ಮತದಾರರಿಗೆ ಎರಡು ಮತ: ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ.

ಸಂಸದರ ನಿಧಿಯ 5 ಕೋಟಿ ರೂಪಾಯಿ ಅವರ ಕೈಗೇ ಬರುತ್ತದೆಯೇ?

ಇಲ್ಲ. ವರ್ಷಕ್ಕೆ 5 ಕೋಟಿ ರೂಪಾಯಿವರೆಗಿನ ಕಾಮಗಾರಿಗಳಿಗೆ ಸಂಸದರು ಶಿಫಾರಸು ಮಾಡುತ್ತಾರೆ. ಮಂಜೂರು ಮಾಡಿ ಕೆಲಸ ಮಾಡಿಸುವುದು ಜಿಲ್ಲಾಡಳಿತ.

ಆದ್ದರಿಂದ ಅರ್ಜಿ ಹಿಡಿದು ಹೋಗುವ ಮೊದಲು ನಿಮ್ಮ ಕ್ಷೇತ್ರ ಯಾವುದೆಂದು ನೋಡಿಕೊಳ್ಳಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ವೋಟರ್ ಐಡಿ ಸಂಖ್ಯೆ ಹಾಕಿದರೆ ತಿಳಿಯುತ್ತದೆ. ಬೀದಿ ದೀಪ, ಚರಂಡಿಯ ದೂರಾದರೆ ಮೊದಲು ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ ಕೊಡಿ. ತಪ್ಪು ಬಾಗಿಲು ತಟ್ಟಿದರೆ ಅಲೆದಾಟವೇ ಹೆಚ್ಚು.